ನಲವತ್ತೊಂದು ಕಾಳು ಮತ್ತು ಒಬ್ಬ ಜೀವಶಾಸ್ತ್ರ ಶಿಕ್ಷಕಿ

ಚಲನಚಿತ್ರ ನಿರ್ದೇಶಕರೂ, ಮೂಢನಂಬಿಕೆಯ ಪರಮ ವೈರಿಗಳೂ ಆದ ಶ್ರೀ ಅದಿಲೆತ್ ಸತಿಬಾಲ್ದಿಯೆವ್ ಅವರಿಗೆ, ಜಿಲ್ಲಾ ಪತ್ರಿಕೆಯ ಮೂಲಕ

ಮಾನ್ಯರೇ,

ತಲಾಸ್ ಕಣಿವೆಯ ತೋರ್-ಬುಲಾಕ್ ಹಳ್ಳಿಯಿಂದ, ಮೂವತ್ನಾಲ್ಕು ವರ್ಷ ಜೀವಶಾಸ್ತ್ರ ಬೋಧಿಸಿ ನಿವೃತ್ತಳಾದ ಕಾಲಿಪಾ ಮಾಮಿರೊವಾ ಎಂಬ ನಾನು, ತಮಗೂ, ತಮ್ಮ ಕ್ಯಾಮೆರಾದವರಿಗೂ, ನನ್ನ ಕಣ್ಣ ಸುತ್ತ ಮಸಿ ಬಳಿದು "ಈಗ ಸರಿಯಾಗಿ ಭಯ ಆಗುತ್ತೆ" ಎಂದು ಮೆಚ್ಚಿಕೊಂಡ ಆ ಮೇಕಪ್ ಹುಡುಗಿಗೂ ಗೌರವಪೂರ್ವಕ ಸಲಾಮುಗಳನ್ನು ಅರ್ಪಿಸುತ್ತೇನೆ. ತಾವು ಕ್ಷೇಮವಾಗಿದ್ದೀರೆಂದೂ, ಚಿತ್ರೋತ್ಸವದಿಂದ ಚಿತ್ರೋತ್ಸವಕ್ಕೆ ವಿಮಾನದಲ್ಲಿ ಓಡಾಡಿ ತಮ್ಮ ಬೆನ್ನುನೋವು ಹೆಚ್ಚಾಗಿಲ್ಲವೆಂದೂ ನಂಬಿದ್ದೇನೆ. ನಂಬಿದ್ದೇನೆ ಎಂಬ ಮಾತು ಬಾಯಿತಪ್ಪಿ ಬಂತು, ಮನ್ನಿಸಬೇಕು. ಇತ್ತೀಚೆಗೆ ನಮ್ಮ ಮನೆಯಲ್ಲಿ ಆ ಪದದ ಬಳಕೆ ವಿಪರೀತವಾಗಿದೆ.

ತಮ್ಮ ಚಿತ್ರಕ್ಕೆ ಹೊರದೇಶದಲ್ಲಿ ಬಹುಮಾನ ಬಂದದ್ದನ್ನು ಓದಿ ಬಹಳ ಸಂತೋಷವಾಯಿತು. "ಕುರುಡು ನಂಬಿಕೆಯ ಬೇರಿಗೇ ಕೊಡಲಿ ಏಟು" ಎಂದು ಯಾರೋ ವಿದ್ವಾಂಸರು ಬರೆದಿದ್ದರು. ಆ ಏಟು ಬಿದ್ದ ಬೇರಿನಿಂದ ಚಿಗುರು ಹೊರಟಿದೆ ಎಂದೂ, ಅದಷ್ಟೂ ನನ್ನ ಮನೆಯ ಅಂಗಳದಲ್ಲೇ ಬೆಳೆಯುತ್ತಿದೆ ಎಂದೂ ತಿಳಿಸಲು ಈ ಪತ್ರ. ಇದನ್ನು ಬರೆಯುವ ಈ ಹೊತ್ತಿಗೆ ಗೇಟಿನ ಹೊರಗೆ ಹದಿನೇಳು ಜನ ಕೂತಿದ್ದಾರೆ. ಅವರಲ್ಲಿ ಒಬ್ಬರಿಗೆ ಮಂಡಿ ನೋವು, ಇಬ್ಬರಿಗೆ ಮದುವೆ ಆಗುತ್ತಿಲ್ಲ, ಒಬ್ಬರ ಹಸು ಹಾಲು ಕೊಡುತ್ತಿಲ್ಲ, ಮಿಕ್ಕವರಿಗೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ಅವರು ಒಪ್ಪುವುದೂ ಇಲ್ಲ.

ತಮಗೆ ಮರೆತಿರಬಹುದು, ನೆನಪಿಸುತ್ತೇನೆ. ಕಳೆದ ವರ್ಷ ಮಾರ್ಚ್ ತಿಂಗಳ ಕೆಸರಿನಲ್ಲಿ ತಾವು ನಮ್ಮ ಮನೆಯ ಬಾಗಿಲಿಗೆ ಬಂದು, "ಎಜೆ" ಎಂದು ಅಕ್ಕನನ್ನು ಕರೆಯುವ ಗೌರವದಿಂದ ಕರೆದು, ನನ್ನ ಮುಖವನ್ನೇ ದಿಟ್ಟಿಸಿ ನೋಡಿದಿರಿ. "ಎಜೆ, ನಿಮ್ಮನ್ನ ನೋಡಿದ್ರೆ ನಾನು ಮಾಡಿರೋ ತಪ್ಪೆಲ್ಲ ಈಗಲೇ ಒಪ್ಕೊಂಡುಬಿಡೋಣ ಅನ್ಸುತ್ತೆ. ನಮ್ಮ ಚಿತ್ರದ ಡೋಂಗಿ ಮಂತ್ರಗಾತಿ ನೀವೇ ಆಗ್ಬೇಕು!" ಎಂದಿರಿ. ಮೂವತ್ನಾಲ್ಕು ವರ್ಷ ಕಪ್ಪೆಯ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿ, ಉತ್ತರ ಬಾರದ ಮಕ್ಕಳನ್ನು ನೋಡಿ ನೋಡಿ ಬಂದ ಮುಖವಿದು ಎಂದು ನಾನು ಹೇಳಿದೆ. ತಾವು ಕೇಳಲಿಲ್ಲ. "ಈ ಸಿನಿಮಾ ಬಂದ್ಮೇಲೆ ಇಡೀ ಕಣಿವೇಲಿ ಒಬ್ರೂ ಮಂತ್ರ ಹಾಕೋರ ಹತ್ರ ಹೋಗಲ್ಲ, ನೋಡ್ತಿರಿ ಬೇಕಾದ್ರೆ" ಎಂದು ನನ್ನ ಚಹಾದ ಮೇಲೆ ಆಣೆ ಇಟ್ಟಿರಿ. ಆ ಮಾತಿಗೇ ನಾನು ಒಪ್ಪಿದ್ದು. ಸಿನಿಮಾದ ಆಸೆಗಲ್ಲ, ಮಗುವಿಗೆ ಜ್ವರ ಬಂದರೆ ವೈದ್ಯರನ್ನು ಬಿಟ್ಟು ಮಂತ್ರ ಊದಿಸಲು ಓಡುವ ಈ ಜನರ ಜೊತೆ ಜೀವನವಿಡೀ ಗುದ್ದಾಡಿ ಸೋತವಳು ನಾನು, ನನ್ನ ಕೈಲಾಗದ್ದು ತಮ್ಮ ಕೈಲಾಗಲಿ ಎಂಬ ಆಸೆಗೆ.

ಅಲ್ಲಿ ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ನಾನು ಯಾವ ಪಾಠವನ್ನೂ ಅರ್ಧಂಬರ್ಧ ತಯಾರಿಯಲ್ಲಿ ಒಪ್ಪಿಸಿದವಳಲ್ಲ. ತಮ್ಮವರು ಪೇಟೆಯಿಂದ ಬಣ್ಣದ ಕಲ್ಲು ತಂದಾಗ, ಕಾಳು ಹಾಕಿ ಶಕುನ ನೋಡುವುದೆಂದರೆ ಹೀಗಲ್ಲ ಎಂದು ಅವನ್ನು ಪಕ್ಕಕ್ಕಿಟ್ಟು, ನಮ್ಮ ಹೊಲದ ಬಿಳಿ ಬೀನ್ಸ್ ಕಾಳು ನಲವತ್ತೊಂದನ್ನು ಆರಿಸಿದೆ. ನನ್ನಜ್ಜಿ ಹಾಕುತ್ತಿದ್ದಂತೆ ಮೂರು ರಾಶಿ ಮಾಡಿ, ನಾಲ್ಕು ನಾಲ್ಕು ತೆಗೆದು, ಉಳಿದದ್ದನ್ನು ಮೂರು ಸಾಲಿನಲ್ಲಿ ಜೋಡಿಸುವುದನ್ನು ಮೂರು ವಾರ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. "ಸೂಫ್" ಎಂದು ಊದುವಾಗ ತುಟಿ ಎಷ್ಟು ಮುಂದೆ ಬರಬೇಕು ಎಂದು ಕನ್ನಡಿ ನೋಡಿ ಕಲಿತೆ. ಚಿತ್ರೀಕರಣದ ದಿನ ಅದನ್ನು ಕಂಡು ತಮ್ಮ ಲೈಟ್ ಹಿಡಿಯುವವನೇ ಹತ್ತಿರ ಬಂದು, "ಎಜೆ, ನನ್ನ ಹಲ್ಲುನೋವಿಗೂ ಸ್ವಲ್ಪ ಊದ್ತೀರಾ?" ಎಂದು ಕಿವಿಯಲ್ಲಿ ಕೇಳಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಚಿತ್ರದ ಬಗ್ಗೆ ಒಂದೆರಡು ಮಾತು ಹೇಳಲು ಅಪ್ಪಣೆಯಾಗಬೇಕು. ತಮ್ಮ ಚಿತ್ರದಲ್ಲಿ ನಂಬುವವರೆಲ್ಲ ಬಾಯಿ ತೆರೆದುಕೊಂಡೇ ಇರುತ್ತಾರೆ. ಊಟ ಮಾಡುವಾಗ ಮಾತ್ರ ಮುಚ್ಚುತ್ತಾರೆ. ಅವರ ಮನೆಗಳಲ್ಲಿ ದೀಪ ಮಂದ, ಗೋಡೆ ಕೊಳಕು. ರಾಜಧಾನಿಯಿಂದ ಬಂದ ನಾಸ್ತಿಕ ವೈದ್ಯನ ಬೂಟು ಮಾತ್ರ ನಮ್ಮ ಮಾರ್ಚ್ ತಿಂಗಳ ಕೆಸರಿನಲ್ಲೂ ಫಳಫಳ ಹೊಳೆಯುತ್ತದೆ, ಇದು ಯಾವ ಪವಾಡಕ್ಕೂ ಕಡಿಮೆಯಿಲ್ಲ. ಇವೆಲ್ಲ ಇರಲಿ. ಆದರೆ ಗುರುವಾರ ನಾನು ತೀರಿಕೊಂಡ ನಮ್ಮ ಯಜಮಾನರ ಹೆಸರಿನಲ್ಲಿ ಏಳು ರೊಟ್ಟಿ ಎಣ್ಣೆಯಲ್ಲಿ ಕರಿಯುತ್ತಿದ್ದಾಗ, ಕೇಳದೆ ಹೇಳದೆ ಕಿಟಕಿಯಿಂದ ಅದನ್ನು ತೆಗೆದು, ಹಿಂದೆ ಢಣ್ ಢಣ್ ಎಂದು ತಮಟೆ ಹಾಕಿ, ಮಂತ್ರಗಾತಿಯ ಮಾಟದ ಅಡುಗೆ ಎಂಬಂತೆ ತೋರಿಸಿದ್ದೀರಿ. ಕರಿದ ಎಣ್ಣೆಯ ವಾಸನೆ ಸತ್ತವರಿಗೆ ಮುಟ್ಟುತ್ತದೆ ಎಂದು ನಮ್ಮವರು ಹೇಳುತ್ತಾರೆ. ಮೂಗಿನ ನರಗಳು ಹೇಗೆ ಕೆಲಸ ಮಾಡುತ್ತವೆ ಎಂದು ಪಾಠ ಮಾಡಿದ ನಾನು ಅದನ್ನು ನಂಬುವುದಿಲ್ಲ. ಆದರೂ ಹನ್ನೊಂದು ವರ್ಷದಲ್ಲಿ ಒಂದು ಗುರುವಾರವನ್ನೂ ತಪ್ಪಿಸಿಲ್ಲ. ಯಾಕೆ ಎಂದು ತಾವು ಕೇಳಿದ್ದರೆ ಹೇಳುತ್ತಿದ್ದೆ, ಅವರು ನನಗೆ ತುಂಬಾ ನೆನಪಾಗುತ್ತಾರೆ ಅಂತ. ತಮ್ಮ ಕ್ಯಾಮೆರಾ ಕೇಳಲಿಲ್ಲ, ನನಗೆ ಬೇಜಾರಾಯಿತು.

ನವೆಂಬರಿನಲ್ಲಿ ನಮ್ಮೂರ ಕ್ಲಬ್ಬಿನಲ್ಲಿ ಚಿತ್ರ ತೋರಿಸಿದರು. ಕೊನೆಯ ದೃಶ್ಯಕ್ಕಾಗಿ ನಾನು ಕುರ್ಚಿಯ ತುದಿಯಲ್ಲಿ ಕೂತು ಕಾದಿದ್ದೆ. ವೈದ್ಯ ನನ್ನ ಮಣಿಕಟ್ಟು ಹಿಡಿದು ಜಗ್ಗುತ್ತಾನೆ, ರೋಗಿಯ ಹೊಟ್ಟೆಯಿಂದ ತೆಗೆದೆ ಎಂದು ನಾನು ತೋರಿಸುತ್ತಿದ್ದ ಕೂದಲ ಉಂಡೆ ನನ್ನ ಅಂಗಿಯ ತೋಳಿನೊಳಗಿಂದ ಎಲ್ಲರ ಮುಂದೆ ನೆಲಕ್ಕೆ ಬೀಳುತ್ತದೆ. ಈಗ ಎಲ್ಲರಿಗೂ ಬುದ್ಧಿ ಬಂತು ಎಂದು ನಾನು ಹಿಗ್ಗುವಷ್ಟರಲ್ಲಿ, ಪಕ್ಕದ ಮನೆಯ ತುರ್ಸುನ್‌ಕಾನ್ ಎದ್ದು ನಿಂತು ಕೂಗಿದಳು: "ಅಯ್ಯೋ ಪಾಪಿ! ಅವನೇ ತೋಳಿನೊಳಗೆ ಹಾಕ್ದ, ನಾನು ಕಣ್ಣಾರೆ ನೋಡ್ದೆ!" ಹಿಂದಿನ ಸಾಲಿನವರು, "ನಾವೂ ನೋಡಿದ್ವಿ, ನಿನ್ನೆ ಮೊನ್ನೆಯ ಹುಡುಗ, ಎಜೆ ಮೇಲೆ ಸುಳ್ಳು ಹೊರಿಸ್ತಾನಲ್ಲ!" ಎಂದರು. ನಾನು ವೇದಿಕೆ ಹತ್ತಿ, ಇದು ನಾಟಕ, ಆ ಕೂದಲು ನಮ್ಮ ಮೇಕೆಯದು, ನಾನೇ ಬೆಳಗ್ಗೆ ಕತ್ತರಿಸಿ ಕೊಟ್ಟದ್ದು ಎಂದು ವಿವರಿಸಿದೆ. ಎಲ್ಲರೂ ಕನಿಕರದಿಂದ ತಲೆಯಾಡಿಸಿದರು. "ನಿಜವಾದ ಶಕ್ತಿ ಇರೋರು ಎಲ್ಲಿ ಒಪ್ಕೋತಾರೆ ಹೇಳಿ" ಎಂದು ತುರ್ಸುನ್‌ಕಾನ್ ಊರಿಗೆಲ್ಲ ವ್ಯಾಖ್ಯಾನ ಕೊಟ್ಟಳು. ಒಂದು ವಾರದಲ್ಲಿ ಆ ವೈದ್ಯನ ಪಾತ್ರ ಮಾಡಿದ ನಟ ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡ ಸುದ್ದಿ ಎಲ್ಲರ ಫೋನಿಗೂ ಬಂತು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಮರುದಿನದಿಂದ ಜನ ಬರತೊಡಗಿದರು. ಬರಿಗೈಯಲ್ಲಿ ಬರಬಾರದೆಂಬ ಮರ್ಯಾದೆಯಿಂದ ಸಕ್ಕರೆ, ಚಹಾಪುಡಿ, ಬಿಳಿ ಬಟ್ಟೆ, ಒಬ್ಬರಂತೂ ಜೀವಂತ ಹುಂಜ ತಂದರು. "ಇಲ್ಲಿ ಯಾವ ಚಿಕಿತ್ಸೆಯೂ ಇಲ್ಲ, ನಾನು ನಿವೃತ್ತ ಶಿಕ್ಷಕಿ, ದಯವಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಿ" ಎಂದು ದಪ್ಪ ಅಕ್ಷರದಲ್ಲಿ ಫಲಕ ಬರೆದು ಗೇಟಿಗೆ ಹಾಕಿದೆ. ಸಂಜೆಯ ಹೊತ್ತಿಗೆ ಆ ಫಲಕದ ಮೊಳೆಗಳಿಗೆ ಹರಕೆಯ ಬಟ್ಟೆ ಚೂರು ಕಟ್ಟಿ ಅಕ್ಷರವೇ ಕಾಣದಂತೆ ಮಾಡಿದ್ದರು. ಕಾಳಿನಲ್ಲಿ ಮಾಯೆ ಇಲ್ಲ, ಬರೀ ಲೆಕ್ಕ ಎಂದು ತೋರಿಸಲು ಹೆಂಗಸರನ್ನು ಕೂರಿಸಿಕೊಂಡು ಪಾಠವನ್ನೂ ಮಾಡಿದೆ. ನಲವತ್ತೊಂದನ್ನು ಹೇಗೇ ಮೂರು ರಾಶಿ ಮಾಡಿ, ಪ್ರತಿ ರಾಶಿಯಲ್ಲೂ ಕೊನೆಗೆ ಒಂದರಿಂದ ನಾಲ್ಕರವರೆಗೆ ಉಳಿಸಿ ತೆಗೆದರೆ, ಮೊದಲ ಸಾಲಿನ ಮೊತ್ತ ಐದು ಇಲ್ಲವೇ ಒಂಬತ್ತೇ ಬರಬೇಕು, ಬೇರೆ ಬರಲು ಸಾಧ್ಯವೇ ಇಲ್ಲ ಎಂದು ಹತ್ತು ಸಲ ಹಾಕಿ ತೋರಿಸಿದೆ. ಹತ್ತು ಸಲವೂ ಹಾಗೇ ಬಂತು. "ನೋಡಿದ್ರೇನ್ರೇ, ಒಂದ್ಸಲನಾದ್ರೂ ತಪ್ತಾ?" ಎಂದು ಅವರೆಲ್ಲ ಕಣ್ಣೊರೆಸಿಕೊಂಡರು.

ಮಾನ್ಯರೇ, ಇಲ್ಲಿಯವರೆಗೂ ನಗಬಹುದು, ನಾನೂ ನಕ್ಕೆ. ಆಮೇಲೆ ಶಾರ್ಷೆನ್ ಬಂದ.

ಶಾರ್ಷೆನ್ ನಮ್ಮ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಸೋವಿಯತ್ ಕಾಲದಲ್ಲಿ ನಾವಿಬ್ಬರೂ ಸೇರಿ ಊರೂರಿಗೆ ಹೋಗಿ ದೇವರಿಲ್ಲ, ದೆವ್ವವೂ ಇಲ್ಲ ಎಂದು ಭಾಷಣ ಮಾಡಿದವರು. ನಾನು ಕಪ್ಪೆಯ ಚಿತ್ರ ತೋರಿಸುತ್ತಿದ್ದೆ, ಅವನು ಗಗನಯಾತ್ರಿಯ ಚಿತ್ರ. ಅಂಥವನು ಕುಂಟುತ್ತಾ ಬಂದು, ನಾಚಿಕೆಯಿಂದ ಹಿತ್ತಲ ಬಾಗಿಲಲ್ಲಿ ನಿಂತು, ಪಾದಕ್ಕೆ ಕಟ್ಟಿದ್ದ ಎಲೆಕೋಸಿನ ಎಲೆ ಬಿಚ್ಚಿದ. ಎರಡು ಬೆರಳು ಕಪ್ಪಾಗಿದ್ದವು, ವಾಸನೆ ಬರುತ್ತಿತ್ತು.

"ಶಾರ್ಷೆನ್, ಇದು ಸಕ್ಕರೆ ಕಾಯಿಲೆಯ ಗಾಯ. ಇವತ್ತೇ ಆಸ್ಪತ್ರೆಗೆ ಹೋಗು, ಇಲ್ದಿದ್ರೆ ಕಾಲೇ ಹೋಗುತ್ತೆ" ಎಂದೆ. "ಕಾಲಿಪಾ, ನಲವತ್ತು ವರ್ಷದಿಂದ ನಿನ್ನ ಪಾಠ ಕೇಳಿ ಸಾಕಾಗಿದೆ. ಇವತ್ತು ಪಾಠ ಬೇಡ ಕಣೇ, ಊದು" ಎಂದ. ರಕ್ತನಾಳದ ಚಿತ್ರ ಬರೆದು ತೋರಿಸಿದೆ, ಬೈದೆ, ಕಾಲು ಹಿಡಿಯುತ್ತೇನೆ ಎಂದೆ. "ಆಸ್ಪತ್ರೆಗೆ ಹೋದ್ರೆ ಕೊಯ್ತಾರೆ. ನನಗೆ ಭಯ" ಎಂದು ಆ ಆರಡಿ ಆಳು ಮಗುವಿನ ಹಾಗೆ ಅತ್ತ. ನಾನು ಒಳಗೆ ಹೋಗಿ ಕಾಳು ತಂದೆ.

ಅವನ ಮುಂದೆ ಕಾಳು ಹಾಕಿದೆ, ಮಾನ್ಯರೇ. ತಾವು ಕಲಿಸಿದಂತೆ ಕಣ್ಣು ಅರೆ ಮುಚ್ಚಿದೆ. "ಕೆಂಪು ಕಟ್ಟಡ ಕಾಣ್ತಿದೆ. ಜಿಲ್ಲಾ ಆಸ್ಪತ್ರೆ. ಎರಡನೇ ಮಹಡಿ, ಎಡಗಡೆ ಬಾಗಿಲು. ನಾಳೆ ಬೆಳಗ್ಗೆ ಖಾಲಿ ಹೊಟ್ಟೇಲಿ" ಎಂದೆ. ಅವನು ಕಣ್ಣರಳಿಸಿ, "ಗುರುತಿನ ಚೀಟಿ ತಗೊಂಡು ಹೋಗ್ಬೇಕಾ? ಅದರ ಬಗ್ಗೆ ಏನಾದ್ರೂ ಬಂತಾ?" ಎಂದು ಕೇಳಿದ. "ಬಂತು, ಅದರ ನಕಲೂ ಒಂದು ಬೇಕಂತೆ" ಎಂದೆ. ಹೋದ. ಎರಡು ಬೆರಳು ಹೋದವು, ಕಾಲು ಉಳಿಯಿತು. ಇನ್ನು ನಾಲ್ಕು ದಿನ ತಡವಾಗಿದ್ದರೆ ಮಂಡಿಯವರೆಗೆ ತೆಗೆಯಬೇಕಾಗುತ್ತಿತ್ತು ಎಂದು ವೈದ್ಯರು ಹೇಳಿದರಂತೆ. ಆ ಸುದ್ದಿ ಬಂದ ದಿನ ನಾನು ಕೊಟ್ಟಿಗೆಯ ಹಿಂದೆ ನಿಂತು ಅತ್ತೆ. ಅವನ ಕಾಲು ಉಳಿದದ್ದಕ್ಕೆ ಸಂತೋಷ ಒಂದು ಕಡೆ, ಮೂವತ್ನಾಲ್ಕು ವರ್ಷದ ನಿಜ ಮಾಡದ್ದನ್ನು ಒಂದು ಹಿಡಿ ಕಾಳಿನ ಸುಳ್ಳು ಮಾಡಿತಲ್ಲ ಎಂಬ ಅವಮಾನ ಇನ್ನೊಂದು ಕಡೆ. ಶಾರ್ಷೆನ್ ಈಗ ಊರುಗೋಲು ಹಿಡಿದು ಬಸ್ ನಿಲ್ದಾಣದಲ್ಲಿ ನಿಂತು, "ನಾನು ಹಳೇ ನಾಸ್ತಿಕ, ನನ್ನ ಮಾತು ಕೇಳಿ, ಕಾಲಿಪಾ ಕಾಳು ಸುಳ್ಳಾಡಲ್ಲ" ಎಂದು ಭಾಷಣ ಮಾಡುತ್ತಾನೆ. ಗಗನಯಾತ್ರಿಯ ಬಗ್ಗೆ ಮಾತಾಡುವಾಗಲೂ ಅವನಿಗೆ ಇಷ್ಟು ಉತ್ಸಾಹ ಇರಲಿಲ್ಲ.

ಅಂದಿನಿಂದ ನಾನು ಬಂದವರಿಗೆಲ್ಲ ಕಾಳು ಹಾಕಿ ಆಸ್ಪತ್ರೆಗೆ ಅಟ್ಟುತ್ತಿದ್ದೇನೆ. ರಕ್ತದೊತ್ತಡ ನೋಡಿಸು ಎನ್ನುತ್ತದೆ ಕಾಳು, ಹಲ್ಲು ಕೀಳಿಸು ಎನ್ನುತ್ತದೆ, ಮಗುವಿಗೆ ಲಸಿಕೆ ಹಾಕಿಸು ಎನ್ನುತ್ತದೆ. ನಮ್ಮ ಆರೋಗ್ಯ ಕೇಂದ್ರದ ದಾದಿ ಬರ್ಮೆತ್, ನನ್ನ ಹಳೆಯ ವಿದ್ಯಾರ್ಥಿನಿ, ಕಪ್ಪೆಯ ಪಾಠದಲ್ಲಿ ತಲೆ ತಿರುಗಿ ಬಿದ್ದವಳು, ಮೊನ್ನೆ ಚೀಟಿ ಕಳಿಸಿದ್ದಾಳೆ: "ಎಜೆ, ದಯವಿಟ್ಟು ಕಾಳಿಗೆ ಹೇಳಿ, ಮಂಗಳವಾರ ರಕ್ತ ಪರೀಕ್ಷೆ ಇರಲ್ಲ. ಸೋಮವಾರ, ಶುಕ್ರವಾರ ಕಳಿಸ್ಲಿ." ತಾವು ಮೂಢನಂಬಿಕೆಗೆ ಹಾಕಿದ ಕೊಡಲಿಯಿಂದ ಆರೋಗ್ಯ ಇಲಾಖೆಗೆ ಆದ ಉಪಕಾರ ಇಷ್ಟಿಷ್ಟಲ್ಲ ಎಂದು ಕೃತಜ್ಞತೆಯಿಂದ ತಿಳಿಸುತ್ತೇನೆ.

ಹಾಗಿದ್ದರೆ ದೂರು ಏನು ಎಂದು ತಾವು ಕೇಳಬಹುದು. ಹೋದ ತಿಂಗಳು ನಾನು ತಂಗಿಯ ಮಗಳ ಮದುವೆಗೆ ಎರಡು ದಿನ ಹೋಗಿದ್ದೆ. ಹಿಂತಿರುಗಿದಾಗ ಗೇಟಿನ ಬೆಂಚಿನ ಮೇಲೆ ಕೆಳಗಿನ ಹಳ್ಳಿಯ ಹೆಂಗಸೊಬ್ಬಳು ಎದೆ ಹಿಡಿದುಕೊಂಡು ಕೂತಿದ್ದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬೆಳಗ್ಗೆಯಿಂದ ನನಗಾಗಿ ಕಾಯುತ್ತಿದ್ದಳಂತೆ. ಆ ಬೆಂಚಿನಿಂದ ಆರೋಗ್ಯ ಕೇಂದ್ರದ ಬಾಗಿಲು ಕಾಣುತ್ತದೆ, ಮಾನ್ಯರೇ, ಇನ್ನೂರು ಹೆಜ್ಜೆ. "ನೀವು ಕಾಳು ಹಾಕಿ ಹೇಳ್ದೆ ನಾನು ಹೆಂಗೆ ಹೋಗ್ಲಿ?" ಎಂದಳು. ಅವಳು ಬದುಕಿದಳು. ಮುಂದಿನವರು ಬದುಕುತ್ತಾರೆಂದು ಯಾರು ಹೇಳಿದರು? ನನಗೆ ಅರವತ್ತೇಳು. ಒಂದು ದಿನ ನನಗೇ ಜ್ವರ ಬರುತ್ತದೆ, ಒಂದು ದಿನ ನಾನೇ ಇರುವುದಿಲ್ಲ. ಅಂದು ಆ ಬೆಂಚಿನ ಮೇಲೆ ಯಾರೋ ನನಗಾಗಿ ಕಾಯುತ್ತಾ ಸಾಯುತ್ತಾರೆ. ನನಗೆ ಭಯವಾಗುತ್ತದೆ ಎಂದು ಈ ಬಹಿರಂಗ ಪತ್ರದಲ್ಲಿ ಬಹಿರಂಗವಾಗಿಯೇ ಹೇಳುತ್ತೇನೆ.

ಇದನ್ನು ಹೇಳಲು ತಮಗೆ ಫೋನ್ ಮಾಡಿದ್ದೆ. "ಎಜೆ, ಅದ್ಭುತ! ಇದೇ ನನ್ನ ಎರಡನೇ ಭಾಗ! ಸ್ವಲ್ಪ ಫೋನನ್ನ ಆ ಸಾಲಿನ ಕಡೆ ತಿರುಗ್ಸಿ, ಮುಖ ನೋಡೋಣ" ಎಂದಿರಿ. ಇಡುವ ಮುಂಚೆ ದನಿ ತಗ್ಗಿಸಿ, "ಹೊಸ ಚಿತ್ರ ಶುರು ಮಾಡ್ತಿದೀನಿ, ಸುಮ್ನೆ ಒಂದು ಆಶೀರ್ವಾದ ಮಾಡ್ಬಿಡಿ, ಯಾವುದಕ್ಕೂ ಇರಲಿ" ಎಂದಿರಿ. ನಾನು ಆಶೀರ್ವಾದ ಮಾಡಿದೆ, ಹಿರಿಯಳಾದ ಮೇಲೆ ಮಾಡದಿರಲು ಆಗುತ್ತದೆಯೇ? ಅದರ ನಂತರದ ಒಂಬತ್ತು ಕರೆಗಳನ್ನು ತಾವು ಎತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಅತಿ ಸಣ್ಣ ಕೋರಿಕೆಗಳಿವೆ. ತಾವು ಖುದ್ದಾಗಿ ಬಂದು ನಮ್ಮ ಬಸ್ ನಿಲ್ದಾಣದಲ್ಲಿ ನಿಂತು ನಾನು ಸಾಚಾ ಅಲ್ಲ, ಶುದ್ಧ ಮೋಸಗಾತಿ ಎಂದು ಪ್ರಮಾಣ ಮಾಡಬೇಕು. ಕಲ್ಲು ಬಿದ್ದರೆ ತಡೆಯಲು ಶಾರ್ಷೆನ್‌ನ ಊರುಗೋಲು ಕೊಡಿಸುತ್ತೇನೆ. ಅದಾಗದಿದ್ದರೆ ಹೊಸ ಚಿತ್ರವೊಂದನ್ನು ತೆಗೆಯಬೇಕು. ಅದರಲ್ಲಿ ನಮ್ಮ ಬರ್ಮೆತ್‌ಗೆ ಹಿಂದಿನಿಂದ ಬೆಳಕು ಬಿಡಬೇಕು, ಅವಳು ಸೂಜಿ ಎತ್ತಿದಾಗ ಆ ತಮಟೆ ಹೊಡೆಯಬೇಕು, ರಕ್ತ ಪರೀಕ್ಷೆಯ ಚೀಟಿ ಬಂದಾಗ ಜನರೆಲ್ಲ ಬಾಯಿ ತೆರೆದು ನೋಡಬೇಕು. ನಂಬಿಸುವ ಕಲೆ ತಮಗೆ ಇಷ್ಟು ಚೆನ್ನಾಗಿ ಗೊತ್ತಿರುವಾಗ ಅದನ್ನು ನಂಬಲರ್ಹವಾದ ಒಂದು ವಸ್ತುವಿನ ಮೇಲೆ ಒಂದು ಸಲವಾದರೂ ಯಾಕೆ ಖರ್ಚು ಮಾಡಬಾರದು? ಕೊನೆಯದಾಗಿ, ನಮ್ಮ ಊರಿನವರನ್ನು ಮತ್ತೆ ತೋರಿಸುವುದಾದರೆ, ಅವರು ಯಾಕೆ ನಂಬುತ್ತಾರೆ ಎಂದು ಒಬ್ಬರನ್ನಾದರೂ ಕೇಳಿ. ಪೆದ್ದರು ಎಂಬುದು ಉತ್ತರವಲ್ಲ. ಅವರಿಗೆ ಭಯ ಇದೆ. ಆಸ್ಪತ್ರೆಯಲ್ಲಿ ಅವರ ಮುಖ ನೋಡಿ ಮಾತಾಡುವವರಿಲ್ಲ; ನನ್ನ ಮನೆಯಲ್ಲಿ ಚಹಾ ಸಿಗುತ್ತದೆ, ಕೈ ಹಿಡಿದು "ಎಲ್ಲಿ ನೋವು, ಹೇಳು" ಎನ್ನುವ ಒಬ್ಬ ಮುದುಕಿ ಸಿಗುತ್ತಾಳೆ. ಇದು ನನಗೇ ಮೂವತ್ನಾಲ್ಕು ವರ್ಷ ಗೊತ್ತಿರಲಿಲ್ಲ. ನಾನು ಬರೀ ಕಪ್ಪೆಯ ಚಿತ್ರ ತೋರಿಸುತ್ತಿದ್ದೆ.

ತಮ್ಮ ಮುಂದಿನ ಬಹುಮಾನಕ್ಕೆ ಮುಂಗಡ ಅಭಿನಂದನೆಗಳೊಂದಿಗೆ,

ತಮ್ಮ ವಿಶ್ವಾಸಿ, ಮತ್ತು ಬೇರೆ ಯಾವುದರಲ್ಲೂ ವಿಶ್ವಾಸವಿಲ್ಲದ,
ಕಾಲಿಪಾ ಮಾಮಿರೊವಾ
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ (ಫಲಕ ಗೇಟಿನ ಮೇಲಿದೆ, ಬಟ್ಟೆ ಸರಿಸಿ ಓದಬೇಕು)

ಮರೆತ ಮಾತು: ಈ ಪತ್ರ ಮುಗಿಸಿ ಸಹಿ ಹಾಕಿದ ಮೇಲೆ ಹೊರಗಿದ್ದ ಹದಿನೇಳು ಜನರನ್ನು ಕರೆದೆ. ಕೊನೆಯವರು ರಾಜಧಾನಿಯಿಂದ ಬಾಡಿಗೆ ಕಾರಿನಲ್ಲಿ ನಾಲ್ಕು ಜನರ ನಡುವೆ ಇರುಕಿಕೊಂಡು ಬಂದಿದ್ದ ಒಬ್ಬ ತಾಯಿ. ಹೆಸರು ಯಾರಿಗೂ ಹೇಳಬೇಡಿ ಎಂದರು, ನಾನೂ ಇಲ್ಲಿ ಬರೆಯುವುದಿಲ್ಲ. "ಮಗ ಸಿನಿಮಾ ಮಾಡ್ತಾನೆ. ನಿಮ್ಮನ್ನ ಅವನ ಸಿನಿಮಾದಲ್ಲೇ ನೋಡಿದ್ದು. ನಾನು ಇಲ್ಲಿಗೆ ಬಂದಿದ್ದು ಗೊತ್ತಾದ್ರೆ ನಗ್ತಾನೆ, ಅವನಿಗೆ ಹೇಳ್ಬೇಡಿ" ಎಂದರು. ಮೂರು ತಿಂಗಳಿಂದ ಒಬ್ಬರೇ ಇಟ್ಟುಕೊಂಡಿದ್ದ ಮಾತನ್ನು ನನಗೆ ಹೇಳಿದರು, ಅದು ಈ ಪತ್ರದಲ್ಲಿ ಬರೆಯುವ ಮಾತಲ್ಲ. ಮಗನಿಗೆ ಹೇಳಬೇಕೋ ಬೇಡವೋ ಕಾಳನ್ನೇ ಕೇಳೋಣ ಎಂದು ಅವರ ಮುಂದೆಯೇ ಹಾಕಿದೆ. ಹೇಳು ಎಂದು ಬಂತು. ಬೇರೆ ಬರಲು ನಾನು ಬಿಡುತ್ತಿರಲಿಲ್ಲ. ಅದಿಲೆತ್, ನಿನ್ನ ಹೊಸ ಚಿತ್ರ ಒಂದು ದಿನ ನಿಲ್ಲಲಿ. ಬುಧವಾರ ಬೆಳಗ್ಗೆ ಎಂಟಕ್ಕೆ ಬರ್ಮೆತ್ ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿ ಅವರ ಹೆಸರು ಬರೆಸಿದ್ದಾಳೆ, ಮೂರನೇ ಮಹಡಿ. ಮಗ ಜೊತೆಗಿರಬೇಕು ಎಂದು ಕಾಳು ಹೇಳಿದೆ ಅಂತ ನಾನು ಅವರಿಗೆ ಹೇಳಿದ್ದೇನೆ, ಅದನ್ನೇ ನೆಚ್ಚಿಕೊಂಡು ಹೋಗಿದ್ದಾರೆ. ನೀನು ಕಾಳನ್ನು ನಂಬಬೇಡ, ಮಗನೇ. ಹೋಗಿ ಅವರ ಪಕ್ಕದಲ್ಲಿ ಕೂತುಕೋ.